ಸುಕ್ಕು ಬೀಳದ ರೆಕ್ಕೆ

ವಿಮಾನದ ರೆಕ್ಕೆ ಡಿಸೈನ್ ಮಾಡುವವರು ದಿನವಿಡೀ ಕಂಪ್ಯೂಟರ್ ಮುಂದೆ ಗಂಭೀರವಾಗಿ ಕೂತಿರುತ್ತಾರೆ ಎಂದು ನಮ್ಮ ಚಿಕ್ಕಮ್ಮ ಇವತ್ತಿಗೂ ನಂಬಿದ್ದಾರೆ. ಓದುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಈ ಕೆಲಸಕ್ಕೆ ಬಂದು ಹದಿನಾರು ವರ್ಷ ಆಯಿತು; ಒಂದು ತಿಂಗಳಾದರೂ ನಗೆಪಾಟಲಾಗದೆ ಕಳೆದದ್ದು ನೆನಪಿಲ್ಲ. ಎಷ್ಟು ಜಾಗ್ರತೆಯಾಗಿ ಲೆಕ್ಕ ಹಾಕಿದರೂ ಲೆಕ್ಕದ ಹೊರಗಿನಿಂದ ಯಾರೋ ಒಬ್ಬರು ಬಂದು ನಿಂತಿರುತ್ತಾರೆ.

ಇಲ್ಲಿ ಬರೆದಿರುವುದೆಲ್ಲ ಒಂದೇ ರೆಕ್ಕೆಯ ಹಿಂದೆ ಬಿದ್ದಿದ್ದ ಎರಡು ವರ್ಷಗಳ ಸಂಗತಿ. ನಮ್ಮದು ಏಳು ಜನರ ಕಂಪನಿ. ಜೆ.ಪಿ. ನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಆಫೀಸು, ಉತ್ತರಹಳ್ಳಿ ಕಡೆ ಒಂದು ಶೆಡ್ಡು. ದೂರದ ಆಸ್ಪತ್ರೆಗಳಿಗೆ ರಕ್ತ, ಔಷಧಿ ಒಯ್ಯುವ, ಪೈಲಟ್ ಇಲ್ಲದ ಪುಟ್ಟ ವಿಮಾನವೊಂದಕ್ಕೆ ರೆಕ್ಕೆ ಮಾಡಿಕೊಡಲು ಒಪ್ಪಿಕೊಂಡಿದ್ದೆವು. ಕಾರ್ಬನ್ ಫೈಬರ್ ಎಂಬ ಕಪ್ಪು ಬಟ್ಟೆಯನ್ನು ಅಂಟಿನ ಜೊತೆ ಪದರ ಪದರವಾಗಿ ಹಾಸಿ, ಬಿಸಿ ಮಾಡಿ ಗಟ್ಟಿ ಮಾಡಿದರೆ ರೆಕ್ಕೆ ಆಗುತ್ತದೆ. ಲೋಹಕ್ಕಿಂತ ಹಗುರ, ಬಲವೂ ಜಾಸ್ತಿ. ಆದರೆ ಹಗುರ ಆಗಲಿ ಎಂದು ತೆಳ್ಳಗೆ ಮಾಡುತ್ತಾ ಹೋದರೆ ಇನ್ನೊಂದು ಕಷ್ಟ. ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ಎರಡು ತುದಿಗೆ ಹಿಡಿದು ಒತ್ತಿ ನೋಡಿ. ಮುರಿಯುವುದಕ್ಕೆ ಎಷ್ಟೋ ಮೊದಲೇ ಅದು ಪಕ್ಕಕ್ಕೆ ಬಾಗಿಬಿಡುತ್ತದೆ. ಅದನ್ನೇ ಬಕ್ಲಿಂಗ್ ಅನ್ನುತ್ತಾರೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಮೇಲಿನ ತೆಳು ಹೊದಿಕೆ ಒತ್ತಡಕ್ಕೆ ಸಿಕ್ಕಿ ಸುಕ್ಕು ಬೀಳುತ್ತದೆ. ಸುಕ್ಕು ಬೀಳಬಾರದು, ತೂಕವೂ ಹೆಚ್ಚಬಾರದು. ಇದು ನನ್ನ ಪಾಲಿನ ಕೆಲಸ.

ಮೂರು ಜೊತೆ ರೆಕ್ಕೆಗೆ ಆಗುವಷ್ಟು ಸಾಮಾನು ನಮ್ಮ ಹತ್ತಿರ ಇತ್ತು. ಮೂರರಲ್ಲಿ ಒಂದಾದರೂ ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ಕೆಲಸ ಬೇರೆಯವರ ಪಾಲು, ಶೆಡ್ಡಿಗೆ ಬೀಗ.

೧. ಬರೀ ರೆಕ್ಕೆ

ಶೆಡ್ಡು ಬಾಡಿಗೆಗೆ ಕೇಳಲು ನಾನೂ ಸಾರೂ ಹೋಗಿದ್ದೆವು. ಸಾರ್ ಎಂದರೆ ಕಂಪನಿ ಶುರು ಮಾಡಿದವರು. ದಪ್ಪ ಮೀಸೆ, ಸಣ್ಣ ದನಿ, ಸುಳ್ಳು ಹೇಳಲು ಬಾರದು. ಶೆಡ್ಡಿನ ಮಾಲೀಕರು ಅಲ್ಲಿಯವರೆಗೂ ಅದರಲ್ಲಿ ಶಾಮಿಯಾನ, ಕುರ್ಚಿ ತುಂಬಿದ್ದವರು. ನಮ್ಮನ್ನು ಕೂರಿಸಿ ವಿಚಾರಿಸಿಕೊಂಡರು.

"ಏನು ಮಾಡ್ತೀರಿ ಇಲ್ಲಿ?"

"ವಿಮಾನದ ರೆಕ್ಕೆ" ಅಂದರು ಸಾರ್.

"ಮಿಕ್ಕಿದ್ದು?"

"ಮಿಕ್ಕಿದ್ದು ಬೇರೆಯವರು ಮಾಡ್ತಾರೆ."

"ಇಂಜಿನ್ನು?"

"ಅದೂ ಬೇರೆಯವರೇ."

"ಚಕ್ರ?"

"ಅದೂ."

ಮಾಲೀಕರು ಕುರ್ಚಿ ಹತ್ತಿರ ಎಳೆದುಕೊಂಡರು. "ಹೋಗ್ಲಿ, ರೆಕ್ಕೆನಾದ್ರೂ ಪೂರ್ತಿ ನಿಮ್ದೇ ತಾನೇ?"

ಇಲ್ಲಿ ಸುಮ್ಮನೆ ಹೂಂ ಅನ್ನಬಹುದಿತ್ತು. ಸಾರ್ ಅನ್ನಲಿಲ್ಲ. "ಪೇಂಟು ಮಾತ್ರ ಹೊರಗಡೆ ಕೊಡ್ತೀವಿ" ಅಂದರು.

ಮಾಲೀಕರ ಮುಖದಲ್ಲಿ ಕರುಣೆ ಬಂತು. ಹೆಂಡತಿಯನ್ನು ಕರೆದು ಕಾಫಿ ತರಲು ಹೇಳಿದರು. ಲೋಟ ಕೈಗೆ ಕೊಡುತ್ತಾ, "ಅಗ್ರಿಮೆಂಟು ಹನ್ನೊಂದು ತಿಂಗಳಿಗೆ ಬೇಡ ಸಾರ್" ಅಂದರು. "ಆರು ತಿಂಗಳಿಗೆ ಮಾಡೋಣ. ಅಷ್ಟರಲ್ಲಿ ನಿಮಗೂ ಎಲ್ಲಾದ್ರೂ ಒಂದು ಕೆಲಸ ಸಿಗಬಹುದು."

೨. ಕನ್ನಡಿ

ಮೊದಲ ಜೊತೆ ರೆಕ್ಕೆ ಮಾಡಲು ಐದು ತಿಂಗಳು ಹಿಡಿಯಿತು. ಪರೀಕ್ಷೆ ಹೀಗೆ: ರೆಕ್ಕೆಯನ್ನು ಬುಡದ ಕಡೆ ಶೆಡ್ಡಿನ ಗೋಡೆಗೆ ಬೋಲ್ಟ್ ಹಾಕಿ ಬಿಗಿಯುತ್ತೇವೆ, ಅದೂ ತಲೆಕೆಳಗಾಗಿ. ಆಕಾಶದಲ್ಲಿ ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಶೆಡ್ಡಿನಲ್ಲಿ ಅಷ್ಟು ಗಾಳಿ ಎಲ್ಲಿಂದ ತರುವುದು? ಅದಕ್ಕೇ ರೆಕ್ಕೆಯನ್ನು ತಿರುಗಿಸಿ ಹಾಕಿ, ಮೇಲೆ ಮರಳಿನ ಚೀಲ ಪೇರಿಸುವುದು. ಹತ್ತು ಕೆಜಿಯ ಇಪ್ಪತ್ನಾಲ್ಕು ಚೀಲ. ಅಷ್ಟನ್ನೂ ಹೊತ್ತು ಮೂರು ಸೆಕೆಂಡ್ ಸುಕ್ಕಿಲ್ಲದೆ ನಿಂತರೆ ಪಾಸು.

ತಲೆಕೆಳಗಾದ್ದರಿಂದ ಸುಕ್ಕು ಬೀಳುವ ಮೈ ನೆಲದ ಕಡೆಗಿರುತ್ತದೆ. ತೂಕ ಹೊತ್ತ ರೆಕ್ಕೆಯ ಕೆಳಗೆ ಮಲಗಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಮನೆಯಿಂದ ಡ್ರೆಸ್ಸಿಂಗ್ ಟೇಬಲ್ಲಿನ ಹಳೇ ಕನ್ನಡಿ ತಂದು ನೆಲದ ಮೇಲಿಟ್ಟೆ. ದೂರ ನಿಂತೇ ರೆಕ್ಕೆಯ ಹೊಟ್ಟೆ ಕಾಣುತ್ತಿತ್ತು.

ಒಂಬತ್ತು ಚೀಲ, ಹತ್ತು, ಹನ್ನೊಂದು. ಕನ್ನಡಿಯಲ್ಲಿ ರೆಕ್ಕೆ ಇಸ್ತ್ರಿ ಹಾಕಿದ ಹಾಗಿತ್ತು. ಹದಿಮೂರನೆಯದಕ್ಕೆ ಬುಡದ ಹತ್ತಿರ ಏನೋ ಅಲೆ ಎದ್ದ ಹಾಗೆ ಕಂಡಿತು. ಹದಿನಾಲ್ಕಕ್ಕೆ ಅದು ಮೂರು ಅಲೆಯಾಯಿತು.

"ಸಾರ್, ಸುಕ್ಕು" ಅಂದೆ.

ಸಾರ್ ಬಗ್ಗಿ ಕನ್ನಡಿ ನೋಡಿದರು. ತುಂಬಾ ಹೊತ್ತು ನೋಡಿದರು. ಐದು ತಿಂಗಳ ಕೆಲಸ, ನಂಬಲು ಮನಸ್ಸಿರಲಿಲ್ಲ ಪಾಪ. "ಕನ್ನಡಿನೇ ಸೊಟ್ಟ ಇರಬಹುದಲ್ಲಮ್ಮ" ಅಂದರು. "ಹಳೇದು ಅಂತೀಯ."

ಸಾರ್ ಕನ್ನಡಿಯನ್ನು ತಮ್ಮ ಕಡೆ ಸ್ವಲ್ಪ ಎಳೆದುಕೊಂಡು ಅದರಲ್ಲಿ ತಮ್ಮ ಮೀಸೆ ನೋಡಿಕೊಂಡರು. ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ ಮುಖ ತಿರುಗಿಸಿದರು. ಮೀಸೆ ನೆಟ್ಟಗಿತ್ತು.

"ರೆಕ್ಕೆನೇ" ಅಂದರು. ಹದಿನೈದನೇ ಚೀಲಕ್ಕೆ ರೆಕ್ಕೆ ಫಟ್ ಎಂದು ಸೀಳಿತು.

೩. ಕ್ರಾಸ್ ಕಟಿಂಗ್

ಸೀಳಿದ ರೆಕ್ಕೆಯನ್ನು ಪದರ ಪದರವಾಗಿ ಬಿಡಿಸಿ ನೋಡಿದೆವು. ತಪ್ಪಿನಲ್ಲಿ ಅರ್ಧ ಡಿಸೈನಿನದು, ಅಂದರೆ ನನ್ನದು. ಇನ್ನರ್ಧ ಕತ್ತರಿಯದು. ಬಟ್ಟೆಯ ಎಳೆ ಯಾವ ಕೋನದಲ್ಲಿ ಓಡಬೇಕೋ ಆ ಕೋನ ನಾವು ಕತ್ತರಿಸುವಾಗ ಅಲ್ಲಲ್ಲಿ ತಪ್ಪಿಹೋಗಿತ್ತು. ಇಂಜಿನಿಯರುಗಳಿಗೆ ಗೆರೆ ಎಳೆಯಲು ಬರುತ್ತದೆ, ಬಟ್ಟೆ ಕತ್ತರಿಸಲು ಬರುವುದಿಲ್ಲ.

ಅದೇ ವಾರ ಬ್ಲೌಸ್ ಈಸಿಕೊಳ್ಳಲು ಜಯನಗರಕ್ಕೆ ಹೋಗಿದ್ದೆ. ನನಗೆ ಬ್ಲೌಸ್ ಹೊಲಿಯುವ ಅಕ್ಕನದು ಅಲ್ಲಿ ಒಂದು ಕಿಷ್ಕಿಂಧೆಯಂಥ ಅಂಗಡಿ. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾರೆ. ಕಟ್ಟಡ ಕೆಡವುತ್ತಾರಂತೆ, ಮುಂದಿನ ತಿಂಗಳು ಖಾಲಿ ಮಾಡಬೇಕು ಎಂದು ಹೇಳುತ್ತಲೇ ಒಂದು ರೇಷ್ಮೆ ಪೀಸನ್ನು ಗೆರೆಯನ್ನೂ ಎಳೆಯದೆ ಓರೆಯಾಗಿ ಕತ್ತರಿಸಿದರು. ನನ್ನ ಬ್ಯಾಗಿನಲ್ಲಿ ಕೋನ ಅಳೆಯುವ ಪಟ್ಟಿ ಇತ್ತು. ಇಟ್ಟು ನೋಡಿದೆ. ನಲವತ್ತೈದು ಡಿಗ್ರಿ, ಒಂದು ಕೂದಲೆಳೆ ಆಚೀಚೆ ಇಲ್ಲ.

"ಅಕ್ಕ, ನಮ್ಮಲ್ಲಿ ಕೆಲಸ ಮಾಡ್ತೀರಾ?" ಅಂದೆ.

"ಯಾರ ಬ್ಲೌಸು?"

"ವಿಮಾನದ್ದು."

ಅಕ್ಕ ಬಂದರು. ಮೊದಲ ದಿನವೇ ರೆಕ್ಕೆಯ ಒಳಗಿನ ತೆಳು ಫೋಮ್ ಹಾಳೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಕಾಲರ್‌ಗೆ ಕ್ಯಾನ್ವಾಸ್ ಕೊಟ್ಟ ಹಾಗೆ ಕೊಟ್ಟಿದೀರ. ಬರೀ ಬಟ್ಟೆ ಆದ್ರೆ ನಿಲ್ಲಲ್ಲ, ಮುದುರಿಕೊಳ್ಳುತ್ತೆ" ಅಂದರು. ಇದೇ ಮಾತನ್ನು ನಮ್ಮ ಪ್ರೊಫೆಸರು ಒಂದು ಸೆಮಿಸ್ಟರ್ ಪೂರ್ತಿ ಹೇಳಿದ್ದರು.

ಮೂರನೇ ದಿನ ಎಡ ರೆಕ್ಕೆಯ ಬಟ್ಟೆ ಮುಗಿಸಿ ಬಲ ರೆಕ್ಕೆಯ ಡ್ರಾಯಿಂಗ್ ಬಿಡಿಸಿಕೊಂಡವರು ಕತ್ತರಿ ಕೆಳಗಿಟ್ಟು ನನ್ನ ಹತ್ತಿರ ಬಂದರು.

"ಮೇಡಂ, ಇದೂ ಅದೂ ಒಂದೇ ಥರ ಇದೆ."

"ಹೂಂ ಅಕ್ಕ, ಎರಡೂ ರೆಕ್ಕೆ ಒಂದೇ ಥರ ಇರಬೇಕಲ್ಲ."

"ಎಡ ತೋಳು, ಬಲ ತೋಳು ಎರಡಕ್ಕೂ ಕ್ರಾಸ್ ಒಂದೇ ಕಡೆ ಕೊಟ್ರೆ ಹೆಂಗೆ? ಒಂದು ಆ ಕಡೆ ಎಳೀಬೇಕು, ಇನ್ನೊಂದು ಈ ಕಡೆ."

ಡ್ರಾಯಿಂಗ್ ನೋಡಿದೆ. ಕನ್ನಡಿಯ ಬಿಂಬದ ಹಾಗೆ ಉಲ್ಟಾ ಇರಬೇಕಿದ್ದ ಕೋನಗಳು ನೇರ ಕಾಪಿಯಾಗಿದ್ದವು. ಹಾಗೇ ಮಾಡಿದ್ದರೆ ಹಾರುವಾಗ ಒಂದು ರೆಕ್ಕೆ ಒಂದು ಕಡೆಗೆ, ಇನ್ನೊಂದು ಮತ್ತೊಂದು ಕಡೆಗೆ ತಿರುಚಿಕೊಳ್ಳುತ್ತಿತ್ತು. ಆ ಹಾಳೆಯ ಮೂಲೆಯಲ್ಲಿ ಮೂವರು ಇಂಜಿನಿಯರುಗಳ ಸಹಿ ಇತ್ತು. ಒಂದು ಸಾರ್ ಅವರದು, ಒಂದು ನನ್ನದು.

ಮೂವರೂ ಹೋಗಿ ಅಕ್ಕನ ಮೇಜಿನ ಮುಂದೆ ನಿಂತೆವು. ಅವರಿಗೇ ಮುಜುಗರ ಆಯಿತೇನೋ, ಸಮಾಧಾನ ಮಾಡಿದರು. "ಮೊದಲ ವರ್ಷ ನಾನೂ ಹಿಂಗೇ ಮಾಡ್ತಿದ್ದೆ ಬಿಡಿ. ಏನಂದ್ರೆ, ನನ್ನ ಕಸ್ಟಮರ್ ಬೈದು ಹೋಗ್ತಿದ್ರು. ನಿಮ್ದು ಬಿದ್ದು ಹೋಗುತ್ತೆ."

೪. ಫ್ರೀಜರ್ ಪುಸ್ತಕ

ಎರಡನೇ ಜೊತೆಗೆ ನಾವು ಇಟ್ಟುಕೊಂಡಿದ್ದು ಅಂಟು ಸವರಿಯೇ ಬರುವ ಬಟ್ಟೆ. ಅದನ್ನು ಫ್ರೀಜರಿನಲ್ಲೇ ಇಡಬೇಕು. ಹೊರಗಿಟ್ಟರೆ ಗಂಟೆ ಗಂಟೆಗೂ ತನ್ನಷ್ಟಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಅಕ್ಕ ಎಲ್ಲವನ್ನೂ ಕತ್ತರಿಸಿ ಮುಗಿಸಿದ ಮಧ್ಯಾಹ್ನವೇ ಶೆಡ್ಡಿನ ಹತ್ತಿರದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಕರೆಂಟು ಬರಲು ಮೂರು ದಿನ ಅಂದರು. ತುಂಡುಗಳನ್ನು ಸುರುಳಿ ಸುತ್ತಿ, ಚೀಲದಲ್ಲಿ ಹಾಕಿ, ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಆಟೋ ಹಿಡಿದು ಪುಟ್ಟೇನಹಳ್ಳಿಯ ನಮ್ಮ ಮನೆಗೆ ತಂದೆ.

ನಮ್ಮ ಮನೆಯ ಫ್ರೀಜರ್ ತುಂಬಾ ಅವರೆಬೇಳೆ. ಸೀಸನ್ನು. ಅತ್ತೆ ಹಿದುಕಿ ಹಿದುಕಿ ತುಂಬಿಟ್ಟಿದ್ದರು. ಒಂದು ಖಾನೆ ಬಿಡಿಸಿಕೊಂಡು ಬಟ್ಟೆ ಇಟ್ಟೆ. ಮಾವನಿಗೆ ವಿಷಯ ಹೇಳಿದೆ. ಮಾವ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ರಿಜಿಸ್ಟರ್ ಬರೆದು ರಿಟೈರ್ ಆದವರು. ರಿಟೈರ್ ಆದಮೇಲೆ ಬರೆಯಲು ರಿಜಿಸ್ಟರ್ ಇಲ್ಲದೆ ಕಂಗಾಲಾಗಿದ್ದರು.

"ಬಾಗಿಲು ತೆಗೆದಾಗೆಲ್ಲ ಒಳಗಿನ ತಂಪು ಕಮ್ಮಿ ಆಗುತ್ತೆ ಮಾವ. ಆದಷ್ಟು ತೆಗೀಬೇಡಿ. ತೆಗೆದ್ರೆ ಎಷ್ಟು ಹೊತ್ತು ಅಂತ ಬರೆದಿಟ್ಟಿರಿ" ಎಂದು ಹೇಳಿ ಕೆಲಸಕ್ಕೆ ಹೋದೆ.

ಮೂರು ದಿನ ಆದಮೇಲೆ ಬಟ್ಟೆ ವಾಪಸ್ ಶೆಡ್ಡಿಗೆ ಹೋಯಿತು. ಅದರ ಹಿಂದೆಯೇ ಗಿರಾಕಿ ಕಂಪನಿಯ ಕ್ವಾಲಿಟಿ ಇನ್ಸ್‌ಪೆಕ್ಟರ್ ಬಂದರು. ಕರೆಂಟು ಹೋದ ಸುದ್ದಿ ಅವರಿಗೆ ತಿಳಿದಿತ್ತು. "ಆ ಮೂರು ದಿನದ ರೆಕಾರ್ಡ್ ಇದೆಯಾ? ಇಲ್ಲಾಂದ್ರೆ ಈ ಬಟ್ಟೆ ಬಳಸೋ ಹಾಗಿಲ್ಲ" ಅಂದರು. ಬ್ಯಾಗಿನಿಂದ ಮಾವ ಕೊಟ್ಟಿದ್ದ ಉದ್ದದ ನೋಟ್‌ಬುಕ್ ತೆಗೆದು ಕೊಟ್ಟೆ. ಅದನ್ನು ನಾನೂ ಅಲ್ಲಿಯವರೆಗೆ ಬಿಡಿಸಿ ನೋಡಿರಲಿಲ್ಲ.

ಪ್ರತಿ ಪುಟಕ್ಕೂ ಕೆಂಪು ಶಾಯಿಯಲ್ಲಿ ಗೆರೆ. ಕ್ರಮ ಸಂಖ್ಯೆ, ವೇಳೆ, ಬಾಗಿಲು ತೆರೆದವರು, ಕಾರಣ, ಅವಧಿ, ಷರಾ. ಇನ್ಸ್‌ಪೆಕ್ಟರ್ ಗಟ್ಟಿಯಾಗಿ ಓದಿದರು.

"ಸಂಜೆ ನಾಲ್ಕು ಹತ್ತು. ತೆರೆದವರು: ಶ್ರೀಮತಿ. ಕಾರಣ: ಅವರೆಬೇಳೆ, ಒಂದು ಪಾವು. ಅವಧಿ: ಹದಿನೆಂಟು ಸೆಕೆಂಡ್. ಷರಾ: ಎಚ್ಚರಿಕೆ ನೀಡಲಾಗಿದೆ."

ಅವರು ಪುಟ ತಿರುಗಿಸಿದರು. ಮೂರು ದಿನದಲ್ಲಿ ಬಾಗಿಲು ತೆರೆದದ್ದು ನಾಲ್ಕೇ ಸಲ. ನಾಲ್ಕಕ್ಕೂ ಮಾವನ ಸಹಿ, ಗೋಡೆ ಗಡಿಯಾರದ ವೇಳೆ ಮತ್ತು ಮೊಬೈಲಿನ ವೇಳೆ ಎರಡೂ. "ಇಷ್ಟು ಒಳ್ಳೆ ರೆಕಾರ್ಡ್ ನಾನು ದೊಡ್ಡ ದೊಡ್ಡ ಫ್ಯಾಕ್ಟರಿಲೂ ನೋಡಿಲ್ಲ. ಇವರ ಹತ್ರ ಒಂದು ನಿಮಿಷ ಮಾತಾಡಬಹುದಾ?" ಅಂದರು.

ಫೋನ್ ಮಾಡಿ ಸ್ಪೀಕರ್ ಹಾಕಿದೆ. ಇನ್ಸ್‌ಪೆಕ್ಟರ್ ನಮಸ್ಕಾರ ಹೇಳಿ, ತುಂಬಾ ಗಂಭೀರವಾಗಿ ಕೇಳಿದರು: "ಸಾರ್, ಮೊದಲನೇ ಎಂಟ್ರಿಯಲ್ಲಿ ಎಚ್ಚರಿಕೆ ನೀಡಲಾಗಿದೆ ಅಂತಿದೆ. ಎರಡನೇದ್ರಲ್ಲೂ ಅದೇ ವ್ಯಕ್ತಿ ಬಾಗಿಲು ತೆಗೆದಿದಾರೆ. ಆದ್ರೆ ಷರಾ ಖಾಲಿ ಇದೆ. ಎರಡನೇ ಸಲ ಎಚ್ಚರಿಕೆ ಕೊಡಲಿಲ್ವಾ?"

ಆ ಕಡೆ ಮಾವ ದನಿ ತಗ್ಗಿಸಿ, "ಎರಡನೇ ಸಲ ಎಚ್ಚರಿಕೆ ಅವರೇ ನನಗೆ ಕೊಟ್ಟರು" ಅಂದರು.

೫. ಟಿಕ್

ಎರಡನೇ ಜೊತೆಯ ರೆಕ್ಕೆ ಗೋಡೆಗೇರಿದ ದಿನ ನಾನು ಹಿಂದಿನ ಸಲದ ಹಾಗೆ ಕನ್ನಡಿಯೊಂದನ್ನೇ ನಂಬಿ ಕೂರಲಿಲ್ಲ. ಕಾರ್ಬನ್ನಿನ ಒಳಗೆ ಎಲ್ಲಾದರೂ ಸಣ್ಣದಾಗಿ ಬಿರುಕು ಬಿಟ್ಟರೆ ಅದು ಕಣ್ಣಿಗೆ ಕಾಣುವ ಮೊದಲೇ ಟಿಕ್ ಎಂದು ಸದ್ದು ಮಾಡುತ್ತದೆ. ರೆಕ್ಕೆಯ ಬುಡಕ್ಕೆ ಒಂದು ಪುಟ್ಟ ಮೈಕು ಅಂಟಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಯಾರೂ ಕೆಮ್ಮಬಾರದು, ಕುರ್ಚಿ ಎಳೆಯಬಾರದು ಎಂದು ಹೇಳಿದ್ದೆ.

ಆರನೇ ಚೀಲಕ್ಕೆ ಒಂದು ಟಿಕ್ ಬಂತು. ಬರೆದುಕೊಂಡೆ. ಎಂಟಕ್ಕೆ ಎರಡು. ಹನ್ನೆರಡಕ್ಕೆ ಐದು. ಹದಿನಾರಕ್ಕೆ ಟಿಕ್ ಟಿಕ್ ಟಿಕ್ ಎಂದು ಎಣಿಸಲೂ ಆಗದ ಹಾಗೆ. ತೂಕ ಏರಿದ ಹಾಗೆ ಸದ್ದೂ ಏರುತ್ತಿತ್ತು. ಪುಸ್ತಕದಲ್ಲಿ ಇರುವುದೂ ಹಾಗೇ. ಕನ್ನಡಿಯಲ್ಲಿ ಮಾತ್ರ ಒಂದು ಸುಕ್ಕೂ ಇಲ್ಲ. ಒಳಗೊಳಗೇ ಹೋಗುತ್ತಿದೆ ಅಂದುಕೊಂಡು ಕೈ ಎತ್ತಿ ಕೆಲಸ ನಿಲ್ಲಿಸಿದೆ.

ಚೀಲ ಇಳಿಸಿದರು. ಇಳಿಸಿದ ಮೇಲೂ ಟಿಕ್ ಬಂತು.

ತೂಕ ಇಲ್ಲದ ರೆಕ್ಕೆ ಬಿರುಕು ಬಿಡುವುದಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಹೋದೆ. ರೆಕ್ಕೆ ಬಿಗಿದಿದ್ದ ಗೋಡೆಯ ಆಚೆ ಬದಿಗೆ ಒರಗಿಕೊಂಡು, ಕಿಟಕಿಯಲ್ಲಿ ಕತ್ತು ಉದ್ದ ಮಾಡಿ ಪರೀಕ್ಷೆ ನೋಡುತ್ತಾ, ನಮ್ಮ ವಾಚ್‌ಮನ್ ತಾತ ಕಡಲೆಕಾಯಿ ಬಿಡಿಸುತ್ತಿದ್ದರು. ಒಂದೊಂದು ಕಾಯನ್ನೂ ಗೋಡೆಗೆ ಒತ್ತಿ ಒಡೆಯುವ ಅಭ್ಯಾಸ. ಕಾಲ ಬುಡದಲ್ಲಿ ಸಿಪ್ಪೆಯ ಗುಡ್ಡೆ.

"ತಾತ, ಮೊದಮೊದಲು ಒಂದೋ ಎರಡೋ ಒಡೀತಿದ್ರಿ, ಆಮೇಲೆ ಯಾಕೆ ಅಷ್ಟು ಜೋರು?" ಎಂದು ಕೇಳಿದೆ. ನನಗೆ ಬೇಕಾಗಿದ್ದದ್ದು ಅದೊಂದೇ ವಿವರಣೆ.

"ಚೀಲ ಜಾಸ್ತಿ ಆದಂಗೆ ಭಯ ಜಾಸ್ತಿ ಆಯ್ತು ಮೇಡಂ" ಅಂದರು ತಾತ. "ಕೈ ತಡೀಲಿಲ್ಲ."

೬. ಮೂರು ತಕ್ಕಡಿ

ಕಡಲೆಕಾಯಿ ಚೀಲ ಜಪ್ತಿ ಮಾಡಿ ಮತ್ತೆ ಶುರು ಮಾಡಿದೆವು. ಇಪ್ಪತ್ನಾಲ್ಕೂ ಚೀಲ ಏರಿದವು. ಮೂರು ಸೆಕೆಂಡ್ ಬೇಕಿತ್ತು, ಮೂರು ನಿಮಿಷ ನಿಂತಿತು ರೆಕ್ಕೆ. ಸಾರ್ ಮೈಸೂರ್ ಪಾಕ್ ತರಿಸಿದರು. ನಾನು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಸಂಜೆ ಚೀಲಗಳನ್ನು ಎತ್ತಿಡುವಾಗ ಅಕ್ಕ ಒಂದನ್ನು ಸೊಂಟಕ್ಕೆ ಇಟ್ಟುಕೊಂಡು ನಿಂತರು. "ಮೇಡಂ, ಇದು ಹತ್ತು ಕೆಜಿ ಅಲ್ಲ."

"ತೂಕ ಹಾಕಿಸಿದೀವಲ್ಲ ಅಕ್ಕ."

"ನನ್ನ ಮೊಮ್ಮಗ ಹತ್ತು ಕೆಜಿ. ಮೊನ್ನೆ ಡಾಕ್ಟರ್ ಹತ್ರ ನೋಡಿಸಿದ್ದು. ದಿನಾ ಎತ್ಕೋತೀನಿ. ಇದು ಅವನಷ್ಟು ಇಲ್ಲ."

ಬೇರೆ ಕಡೆ ತೂಕ ಹಾಕಿಸಿದೆವು. ಒಂಬತ್ತು ಕೆಜಿಗೆ ಸ್ವಲ್ಪ ಮೇಲೆ. ಎಲ್ಲಾ ಚೀಲವೂ ಅಷ್ಟೇ. ಅಂದರೆ ರೆಕ್ಕೆ ಪಾಸಾಗಿಲ್ಲ. ಮೊದಲನೆಯದು ನಾವು ಅಂದುಕೊಂಡಿದ್ದಕ್ಕಿಂತ ಇನ್ನೂ ಮುಂಚೆಯೇ ಸೋತಿತ್ತು. ಶೆಡ್ಡಿನ ಪಕ್ಕದ ದಿನಸಿ ಅಂಗಡಿಯಲ್ಲಿ ತೂಕ ಹಾಕಿಸಿ ಸುಮ್ಮನಾಗಿದ್ದ ತಪ್ಪು ನನ್ನದೇ. ನೆಟ್ಟಗೆ ಅಂಗಡಿಗೆ ನಡೆದೆ.

"ಅಣ್ಣ, ನಿಮ್ಮ ತಕ್ಕಡಿ ಹತ್ತು ಅಂದಿದ್ದು ಒಂಬತ್ತು ಚಿಲ್ಲರೆ ಇದೆ."

ಅಂಗಡಿಯವರು ಗಾಬರಿ ಆಗಲಿಲ್ಲ. ಆ ಕಡೆ ಈ ಕಡೆ ನೋಡಿ ಮೆಲ್ಲಗೆ, "ಅದು ಮಾರೋ ತಕ್ಕಡಿ ಮೇಡಂ" ಅಂದರು. "ನೀವು ಮರಳು ತಂದ್ರಿ, ಯಾರಿಗೋ ಮಾರ್ತೀರ ಅನ್ಕೊಂಡೆ."

"ಬೇರೆ ಇದೆಯಾ?"

"ಕೊಳ್ಳೋ ತಕ್ಕಡಿ ಒಳಗಿದೆ. ಅದ್ರಲ್ಲಿ ಹನ್ನೊಂದು ಹಾಕಿದ್ರೆ ಹತ್ತು ತೋರಿಸುತ್ತೆ."

"ಸರಿಯಾಗಿ ತೋರಿಸೋದು ಯಾವುದೂ ಇಲ್ವಾ ಹಂಗಾದ್ರೆ?"

ಅವರಿಗೆ ಬೇಜಾರಾಯಿತು. "ಯಾಕಿಲ್ಲ ಮೇಡಂ? ಅಟ್ಟದ ಮೇಲಿದೆ. ಇನ್ಸ್‌ಪೆಕ್ಷನ್‌ಗೆ ಬಂದಾಗ ಮಾತ್ರ ಇಳಿಸ್ತೀವಿ. ನಿಮ್ದೂ ಇನ್ಸ್‌ಪೆಕ್ಷನ್ನೇ ಅಂತ ಮೊದ್ಲೇ ಒಂದು ಮಾತು ಹೇಳ್ಬಾರ್ದಾ?"

೭. ಹೋಟೆಲ್ ಬಿಲ್ಲು

ಸರಿಯಾದ ತಕ್ಕಡಿಯೊಂದನ್ನು ನಾವೇ ಕೊಂಡೆವು. ಚೀಲಗಳಿಗೆ ಮರಳು ತುಂಬಿಸಿ ಎರಡನೇ ರೆಕ್ಕೆಯನ್ನು ಮತ್ತೆ ಪರೀಕ್ಷೆಗೆ ಇಟ್ಟೆವು. ಇಪ್ಪತ್ಮೂರನೇ ಚೀಲಕ್ಕೆ ಸುಕ್ಕು ಬಿತ್ತು. ಒಂದೇ ಒಂದು ಚೀಲ ಬಾಕಿ ಇತ್ತು.

ಸಾರ್ ಚೀಲಗಳನ್ನು ಒಂದೊಂದಾಗಿ ತಾವೇ ಇಳಿಸಿದರು. ಆಮೇಲೆ, "ನಿಲ್ಲಿಸಿದ್ರೂ ಅವಮಾನ ಏನಿಲ್ಲಮ್ಮ. ಪ್ರಯತ್ನ ಮಾಡಿದೀವಿ" ಅಂದರು.

"ಇನ್ನೊಂದು ಜೊತೆಗೆ ಸಾಮಾನು ಇದೆಯಲ್ಲ ಸಾರ್" ಅಂದೆ.

ಮಾರನೇ ದಿನದಿಂದಲೇ ಕೂತೆ. ಹೊದಿಕೆಯ ಒಳಗೆ ಅದನ್ನು ನೆಟ್ಟಗೆ ಹಿಡಿದಿಡುವ ಪಟ್ಟಿಗಳು ಇರುತ್ತವೆ. ಸುಕ್ಕು ಬಿದ್ದದ್ದು ಆ ಪಟ್ಟಿಗಳ ನಡುವಿನ ಜಾಗದಲ್ಲಿ. ಬುಡದ ಕಡೆ ಪಟ್ಟಿಗಳನ್ನು ಹತ್ತಿರ ತಂದೆ. ಹಾಗೆ ಹೆಚ್ಚಾದ ತೂಕವನ್ನು ಅಷ್ಟು ಒತ್ತಡವೇ ಇಲ್ಲದ ತುದಿಯ ಕಡೆಯಿಂದ ಒಂದೊಂದು ಪದರ ತೆಗೆದು ಸರಿದೂಗಿಸಿದೆ. ಹೇಳುವಾಗ ಎರಡು ವಾಕ್ಯ. ಮಾಡುವಾಗ ಎಂಟು ವಾರ. ಊಟ ಮಾಡುವಾಗ, ಬನಶಂಕರಿಯಲ್ಲಿ ಮೆಟ್ರೋ ಹತ್ತುವಾಗ, ಮಗಳ ಸ್ಕೂಲಿನ ಮೀಟಿಂಗಿನಲ್ಲಿ, ಎಲ್ಲೆಲ್ಲೂ ಪಟ್ಟಿ, ಪದರ, ಸುಕ್ಕು. ಬೇರೆ ಯಾವುದೂ ತಲೆಗೆ ಹೋಗುತ್ತಿರಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ, ನನ್ನ ಮೇಲೆ ಸ್ವಲ್ಪ ದಯೆ ಇರಲಿ.

ಆ ಹೊತ್ತಿಗೆ ಶೆಡ್ಡಿನ ಮಾಲೀಕರು ಬಂದು ಗೋಡೆಯ ಗಾರೆ ಬಿಟ್ಟಿರುವುದನ್ನು ನೋಡಿದರು. ಇನ್ನು ಗೋಡೆಗೆ ರೆಕ್ಕೆ ಸಿಕ್ಕಿಸುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಸಾರ್ ಗೊಟ್ಟಿಗೆರೆಯ ಒಬ್ಬ ವೆಲ್ಡರ್‌ಗೆ, ರೆಕ್ಕೆ ಬಿಗಿಯಲು ಒಂದು ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಡಲು ಹೇಳಿದರು. ಆತ ಅಳತೆ ಕೇಳಲು ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಹೋಟೆಲಿನಲ್ಲಿ ನಿಂತು ಇಡ್ಲಿ ತಿನ್ನುತ್ತಾ, ಮನಸ್ಸಿನಲ್ಲೇ ಹದಿನೇಳನೇ ಪದರದ ಕೋನ ತಿರುಗಿಸುತ್ತಿದ್ದೆ. ಬಿಲ್ಲಿನ ಹಿಂದೆ ಏನೋ ಗೀಚಿಕೊಟ್ಟೆ.

ಕೊನೆಯ ಪರೀಕ್ಷೆಗೆ, ಅಂದರೆ ಮೂರನೇ ಜೊತೆಯದಕ್ಕೆ, ಗಿರಾಕಿ ಕಂಪನಿ ಕಳಿಸಿದ ಮೂವರ ಸಮಿತಿ ಬಂತು. ಅಧ್ಯಕ್ಷೆ ಅರವತ್ತು ದಾಟಿದ ಮೇಡಂ. ಹತ್ತಿ ಸೀರೆ, ಕೈಯಲ್ಲಿ ಟಾರ್ಚು, ಮುಖದಲ್ಲಿ ನಗು ಎಂಬುದು ಇಲ್ಲವೇ ಇಲ್ಲ. ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ಎಲ್ಲರನ್ನೂ ಹಳದಿ ಗೆರೆಯ ಆಚೆ ನಿಲ್ಲಿಸಿ, "ಶುರು ಮಾಡಿ" ಅಂದರು.

ಹತ್ತು ಚೀಲ, ಹದಿನೈದು, ಇಪ್ಪತ್ತು. ನನ್ನ ಕಣ್ಣು ಕನ್ನಡಿಯಲ್ಲೇ ನೆಟ್ಟಿತ್ತು. ಇಪ್ಪತ್ಮೂರನೆಯದು ಏರಿದಾಗ ಅಕ್ಕ ನನ್ನ ಕೈ ಹಿಡಿದುಕೊಂಡರು. ಇಪ್ಪತ್ನಾಲ್ಕು. ಅಧ್ಯಕ್ಷೆ ಗಡಿಯಾರ ನೋಡಿ ಒಂದು, ಎರಡು, ಮೂರು ಎಂದು ಎಣಿಸಿದರು. ರೆಕ್ಕೆ ಹಾಸಿದ ಹೊಸ ಜಮಖಾನದ ಹಾಗೆ ನುಣ್ಣಗಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದರೆ ಬಿದ್ದುಬಿಟ್ಟೀತು ಎಂಬ ಹಾಗೆ ನಿಂತಿದ್ದೆವು.

"ಪಾಸು" ಅಂದರು ಅಧ್ಯಕ್ಷೆ. ಆಮೇಲೆ, "ಇನ್ನೂ ಹಾಕಿ" ಅಂದರು.

ಇದು ವಾಡಿಕೆ. ಎಲ್ಲಿಯವರೆಗೆ ತಡೆಯುತ್ತದೆ, ಮೊದಲು ಎಲ್ಲಿ ಬಾಗುತ್ತದೆ ಎಂದು ನೋಡಲೇಬೇಕು. ಹೆಚ್ಚಿಗೆ ತುಂಬಿಸಿಟ್ಟಿದ್ದ ನಾಲ್ಕು ಚೀಲ ಹಾಕಿದೆವು. ಸುಕ್ಕಿಲ್ಲ. ಅಂಟಿನ ಡಬ್ಬಗಳನ್ನು ತೂಕ ಮಾಡಿ ಹಾಕಿದೆವು. ಸುಕ್ಕಿಲ್ಲ. ಕುಡಿಯುವ ನೀರಿನ ಕ್ಯಾನ್ ಬಂತು. ಎರಡನೇ ಕ್ಯಾನ್ ಇಟ್ಟು ಹಿಂದೆ ಸರಿದಾಗ ಕಿರ್ ಎಂದು ಉದ್ದನೆಯ ಸದ್ದಾಯಿತು.

"ಬಕ್ಲಿಂಗ್" ಅಂದರು ಅಧ್ಯಕ್ಷೆ.

ನಾನು ಕನ್ನಡಿ ನೋಡಿದೆ. ರೆಕ್ಕೆಯಲ್ಲಿ ಏನೂ ಇಲ್ಲ. ತಲೆ ಎತ್ತಿದೆ. ಬಾಗುತ್ತಿದ್ದದ್ದು ಸ್ಟ್ಯಾಂಡು. ಅದರ ಮುಂದಿನ ಕಾಲು, ಪಠ್ಯಪುಸ್ತಕದಲ್ಲಿ ಬಕ್ಲಿಂಗ್ ಪಾಠದ ಮೊದಲ ಚಿತ್ರದಲ್ಲಿ ಇರುವ ಹಾಗೆಯೇ, ಸುಂದರವಾಗಿ ಪಕ್ಕಕ್ಕೆ ಬಾಗುತ್ತಾ ಬಾಗುತ್ತಾ ಬಂದು, ಚೀಲ, ಡಬ್ಬ, ಕ್ಯಾನ್ ಸಮೇತ ರೆಕ್ಕೆಯನ್ನು ಮೆತ್ತಗೆ ನೆಲದ ಮೇಲೆ ಕೂರಿಸಿತು.

ಧೂಳು ಇಳಿದ ಮೇಲೆ ಅಧ್ಯಕ್ಷೆ ಟಾರ್ಚ್ ಹಿಡಿದು ರೆಕ್ಕೆಯ ಸುತ್ತ ಎರಡು ಸುತ್ತು ಬಂದರು. ಗೀರು ಕೂಡ ಇರಲಿಲ್ಲ. ಆಮೇಲೆ ಸ್ಟ್ಯಾಂಡಿನ ಕಾಲಿನ ಮೇಲೆ ಟಾರ್ಚ್ ಬಿಟ್ಟರು.

"ಇದನ್ನ ಡಿಸೈನ್ ಮಾಡಿದ್ದು ಯಾರು?"

ಸಾರ್ ಚಾವಣಿ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಪರೀಕ್ಷೆ ನೋಡಲೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ ವೆಲ್ಡರ್ ಮುಂದೆ ಬಂದರು. "ನಂದೇನಿಲ್ಲ ಮೇಡಂ, ಡ್ರಾಯಿಂಗ್ ಹೆಂಗಿತ್ತೋ ಹಂಗೇ ಮಾಡಿದೀನಿ" ಎಂದು ಜೇಬಿನಿಂದ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಚೀಟಿ ತೆಗೆದು ಕೊಟ್ಟರು.

ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ಓದಿದರು. "ಇಡ್ಲಿ ಎರಡು, ವಡೆ ಒಂದು, ಕಾಫಿ ಒಂದು." ತಿರುಗಿಸಿದರು. ಒಂದು ಚೌಕ, ನಾಲ್ಕು ಕಾಲು, ಪೈಪಿನ ಅಳತೆ. ಅದರ ಕೆಳಗಿದ್ದದ್ದನ್ನು ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಓದಿದರು: "ಇಷ್ಟು ಸಾಕು. ಏನೂ ಆಗಲ್ಲ."

"ಸಹಿ ಯಾರದು?"

ಕೈ ಎತ್ತಿದೆ.

"ಎರಡು ವರ್ಷದಿಂದ ಬಕ್ಲಿಂಗ್ ಮೇಲೆ ಕೆಲಸ ಮಾಡ್ತಿರೋರು ನೀವೇ ಅಲ್ವಾ?"

"ಹೌದು ಮೇಡಂ."

ಅವರು ಚೀಟಿಯನ್ನು ಪ್ಲಾಸ್ಟಿಕ್ ಕವರಿಗೇ ವಾಪಸ್ ಹಾಕಿ, ತಮ್ಮ ಫೈಲಿನಲ್ಲಿ ಇಟ್ಟುಕೊಂಡು ಹೋದರು.

ಹತ್ತು ದಿನಕ್ಕೆ ರಿಪೋರ್ಟ್ ಬಂತು. ಸಾರ್ ಎಲ್ಲರನ್ನೂ ಕೂರಿಸಿ ಓದಿದರು. ರೆಕ್ಕೆ: ಬಕ್ಲಿಂಗ್ ಕಂಡುಬಂದಿಲ್ಲ, ತೂಕ ಮಿತಿಯೊಳಗಿದೆ, ಉತ್ತೀರ್ಣ. ಅಕ್ಕ ನನ್ನನ್ನು ತಬ್ಬಿಕೊಂಡರು. ತಾತ ಬಾಗಿಲಲ್ಲೇ ನಿಂತು ಕೈ ಮುಗಿದರು. ಸಾರ್ ಕೈ ತೋರಿಸಿ, ಇನ್ನೂ ಇದೆ ಅಂದರು. ಸ್ಟ್ಯಾಂಡು: ಬಕ್ಲಿಂಗ್ ಆಗಿದೆ. ಕಾರಣ: ಡಿಸೈನ್ ಮಾಡಿದವರಿಗೆ ಈ ವಿಷಯದ ಪರಿಚಯ ಇದ್ದಂತಿಲ್ಲ.

ಕೊನೇ ಪುಟದಲ್ಲಿ ಲಗತ್ತುಗಳ ಪಟ್ಟಿ ಇತ್ತು. ಫೋಟೋ, ತೂಕದ ವಿವರ, ತಕ್ಕಡಿಯ ಸರ್ಟಿಫಿಕೇಟು. ಎಲ್ಲಕ್ಕಿಂತ ಕೆಳಗೆ: "ಹೋಟೆಲ್ ಬಿಲ್ಲು, ಒಂದು. ಹಿಂಬದಿ ನೋಡುವುದು."